ಮೂರನೆಯ ಹೆಸರಿಗೆ ಮೂವತ್ತೇ ಏಕೆ?

ಮಾನ್ಯರೇ,

ಮುಂಬೈ, ಪುಣೆ, ಗೋವಾದ ಕಾಲೇಜುಗಳಲ್ಲಿ ಗಣಿತ ಕಲಿಸುವ ಕನ್ನಡಿಗರು ಹೊರದೇಶದ ಸಂಶೋಧಕರ ಜೊತೆ ಸಂಶೋಧನಾ ಪ್ರಬಂಧ ಬರೆಯುವುದು ಈಗ ಅಪರೂಪವಲ್ಲ. ಆದರೆ ಪ್ರಬಂಧಗಳಿಗೆ ಅಂಕ ಎಣಿಸುವ ಬಡ್ತಿಯ ಅರ್ಜಿ ತುಂಬಲು ಕೂತಾಗ ಅದೇ ಪ್ರಬಂಧಕ್ಕೆ ಅಂಕ ಕಡಿಮೆ ಸಿಗುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಕೋಷ್ಟಕದ ಪ್ರಕಾರ ಲೇಖಕರು ಇಬ್ಬರಿದ್ದರೆ ಪ್ರಬಂಧದ ಅಂಕದಲ್ಲಿ ಇಬ್ಬರಿಗೂ ತಲಾ ಶೇ 70. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ, ಪ್ರಧಾನ ಅಥವಾ ಕರೆಸ್ಪಾಂಡಿಂಗ್ (ಪತ್ರಿಕೆಯ ಜೊತೆ ಪತ್ರವ್ಯವಹಾರ ನಡೆಸುವ) ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ದುಡಿದವರದು. ಅಲ್ಲಿ ಇದು ಸರಿಹೋದೀತು. ಶುದ್ಧ ಗಣಿತದಲ್ಲಿ ಹೆಸರು ಹಾಕುವುದು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 2004ರಲ್ಲೇ ಈ ರೂಢಿಯನ್ನು ಹೇಳಿಕೆಯಾಗಿ ಪ್ರಕಟಿಸಿದೆ. ಹಾಗಾಗಿ ಸರಿಸಮ ದುಡಿದರೂ A ಇಂದ ಶುರುವಾಗುವ ಅಂಗಡಿ ಎಂಬ ಅಡ್ಡಹೆಸರಿನವರಿಗೆ 70, Y ಇಂದ ಶುರುವಾಗುವ ಯಲಿಗಾರ ಎಂಬವರಿಗೆ 30.

ಮುಂಬೈಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನಲ್ಲಿದ್ದ ಗಣಿತಜ್ಞ ವಿಜಯ್ ಕುಮಾರ್ ಪಟೋಡಿ ಅವರನ್ನೇ ನೋಡಿ. ಸೂಚ್ಯಂಕ ಪ್ರಮೇಯ (ಇಂಡೆಕ್ಸ್ ಥಿಯರಮ್) ಎಂಬ ಗಣಿತದ ಹೆಸರಾಂತ ಫಲಿತಾಂಶಕ್ಕೆ ಶಾಖ ಸಮೀಕರಣದ ದಾರಿ ತೆರೆದದ್ದು 1971ರ ಅವರ ಕೆಲಸ. ಅದರ ಮೇಲೆ ನಿಂತ 1973ರ ಪ್ರಬಂಧದಲ್ಲಿ ಹೆಸರುಗಳು ಅಟಿಯಾ, ಬಾಟ್, ಪಟೋಡಿ ಎಂದಿವೆ. ಬ್ರಿಟನ್, ಅಮೆರಿಕ, ಭಾರತ ಕೂಡಿದ ಕೆಲಸ. ಯುಜಿಸಿ ಕೋಷ್ಟಕ ಹಿಡಿದು ಕೂತರೆ ಪಟೋಡಿ ಅವರಿಗೆ ಸಿಗುವುದು 30.

ಮೂರನೆಯವರನ್ನು ಸೇರಿಸಿಕೊಂಡ ಕೂಡಲೇ ತನ್ನ ಪಾಲು 70ರಿಂದ 30ಕ್ಕೆ ಇಳಿಯಬಹುದು ಎಂದಾದರೆ, ಬಡ್ತಿಯ ಅಂಚಿನಲ್ಲಿರುವವರು ಜರ್ಮನಿಯ ಬಾನ್ ಅಥವಾ ಪ್ಯಾರಿಸ್‌ನ ಗುಂಪಿಗೆ ಏಕೆ ಕೈಜೋಡಿಸಿಯಾರು?

ಕರೆಸ್ಪಾಂಡಿಂಗ್ ಲೇಖಕ ಎಂಬ ದಾರಿ ಇದೆಯಲ್ಲ ಎನ್ನಬಹುದು. ಗಣಿತದಲ್ಲಿ ಅದು ಫೈಲ್ ಕಳಿಸಿ ಪತ್ರಿಕೆಯ ಇಮೇಲ್‌ಗೆ ಉತ್ತರಿಸುವವರ ಕೆಲಸ, ಅಷ್ಟೇ. ಎಷ್ಟೋ ಗಣಿತ ಪತ್ರಿಕೆಗಳು ಅದನ್ನು ಅಚ್ಚಿನಲ್ಲಿ ತೋರಿಸುವುದೇ ಇಲ್ಲ. ಆಗ ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಮೊದಲ ಹೆಸರನ್ನೇ ಹಿಡಿಯುತ್ತದೆ. ಸದ್ಯಕ್ಕೆ ಹೀಗೆ ಮಾಡಬಹುದು: ಪ್ರಬಂಧ ಕಳಿಸುವ ಮೊದಲೇ ಕರೆಸ್ಪಾಂಡಿಂಗ್ ಲೇಖಕರ ಹೊಣೆ ಯಾರದೆಂದು ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಸರದಿಯಂತೆ ಬದಲಿಸಿ, ಸ್ವೀಕೃತಿಯಾದ ಮೇಲೆ ಬದಲಾಯಿಸುವುದು ಕಷ್ಟ. ಹೆಸರುಗಳು ಅಕ್ಷರಾನುಕ್ರಮದಲ್ಲಿವೆ, ಕೊಡುಗೆ ಸಮಾನ ಎಂದು ಎಲ್ಲ ಲೇಖಕರೂ ಸಹಿ ಮಾಡಿದ ಒಂದು ಪುಟವನ್ನು ಆಗಲೇ ಮಾಡಿಸಿಡಿ. ಐದು ವರ್ಷದ ನಂತರ ಹೊರದೇಶದವರ ಸಹಿ ಹುಡುಕುವುದು ಸುಲಭವಲ್ಲ. ನಿಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲ ಪ್ರಬಂಧಗಳಲ್ಲೂ ಒಂದೇ ಇರಲಿ. ಇಲ್ಲದಿದ್ದರೆ ಪ್ರಬಂಧಗಳ ದತ್ತಸಂಚಯದಲ್ಲಿ (ಡೇಟಾಬೇಸ್) ಒಬ್ಬರೇ ಇಬ್ಬರಾಗುತ್ತಾರೆ.

ಇದೆಲ್ಲ ತಾತ್ಕಾಲಿಕ ಉಪಾಯ. ನಿಜವಾದ ಪರಿಹಾರಕ್ಕೆ ನಿಯಮ ತಿದ್ದಲೂ ಬೇಕಿಲ್ಲ. ಕೋಷ್ಟಕದಲ್ಲಿ 'ಪ್ರಧಾನ' ಎಂಬ ಮಾತು ಈಗಾಗಲೇ ಇದೆ. ಅಕ್ಷರಾನುಕ್ರಮದ ಗಣಿತ ಪ್ರಬಂಧಗಳಲ್ಲಿ ಎಲ್ಲರನ್ನೂ ಪ್ರಧಾನ ಲೇಖಕರೆಂದು ಪರಿಗಣಿಸಿ ತಲಾ 70 ಕೊಡಬೇಕು ಎಂದು ಮಹಾರಾಷ್ಟ್ರ ಮತ್ತು ಗೋವಾದ ವಿಶ್ವವಿದ್ಯಾಲಯಗಳು ಒಂದು ಸುತ್ತೋಲೆ ಹೊರಡಿಸಲಿ. ಬಡ್ತಿ ಸಮಿತಿಗಳಲ್ಲಿ ಕೂರುವ ಗಣಿತದ ತಜ್ಞರು ಸುತ್ತೋಲೆಗೆ ಕಾಯದೆ ಮುಂದಿನ ಸಭೆಯಲ್ಲೇ ಇದನ್ನು ಪ್ರಸ್ತಾಪಿಸಬಹುದು.

ಇತಿ,
ಕೆಲವು ಗಣಿತ ಅಧ್ಯಾಪಕರು, ಪುಣೆ