ಆಷಾಢದಲ್ಲಿ ಬುಕ್ ಮಾಡು, ಶ್ರಾವಣದಲ್ಲಿ ಮನೆಗೆ ತಾ

ಶಿವಮೊಗ್ಗ


ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಬ್ರೋಶರ್ ನೋಡಿದೆ. ಗಾಡಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಲ್ಲೇ ಕೂತಿದೆ. "ದೊಡ್ಡಮ್ಮ, ಬಜೆಟ್ ಹತ್ತು ಲಕ್ಷ, ಗಾಡಿ ಒಂಬತ್ತು ಲಕ್ಷ. ಇನ್ನೂ ಒಂದು ಲಕ್ಷ ಉಳಿಯುತ್ತೆ" ಅಂದೆ. ಬ್ಯಾಂಕಿನಲ್ಲಿ ವಾಹನ ಸಾಲದ ಟೇಬಲ್ಲಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಹೀಗೆ ಒಂದು ಲಕ್ಷ ಉಳಿಯುತ್ತದೆ ಅಂದುಕೊಂಡು ಬಂದವರು, ಡೆಲಿವರಿ ಹಿಂದಿನ ದಿನ ಒಡವೆ ಅಡ ಇಟ್ಟು ದುಡ್ಡು ಹೊಂದಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ನಿನ್ನ ಹೆಂಡತಿಗೂ ಓದಿ ಹೇಳು. ಗಾಡಿ ಜಾಸ್ತಿ ಓಡಿಸುವವಳು ಅವಳೇ ಅಲ್ವಾ?

ಮೊದಲು ಲೆಕ್ಕ ನೋಡೋಣ. ಬ್ರೋಶರಿನ ಒಂಬತ್ತು ಲಕ್ಷ ಎಕ್ಸ್ ಶೋರೂಮ್ ಬೆಲೆ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ. ನಮ್ಮ ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ. 5ರಿಂದ 10 ಲಕ್ಷದ ಗಾಡಿಗೆ ನೂರಕ್ಕೆ 14, ಹತ್ತು ದಾಟಿದರೆ 17. ಒಂಬತ್ತು ಲಕ್ಷಕ್ಕೆ ತೆರಿಗೆಯೇ 1,26,000. ಅದರ ಮೇಲೆ ಸೆಸ್ಸು ಬೇರೆ, ಸೇರಿದರೆ 1,40,000ದ ಹತ್ತಿರ. ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್, ನೋಂದಣಿ ಖರ್ಚು ಎಲ್ಲ ಕೂಡಿಸು. ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ಹತ್ತೂ ಮುಕ್ಕಾಲು ಲಕ್ಷ ಆಗಿರುತ್ತದೆ. ನಿನ್ನ ಹತ್ತು ಲಕ್ಷದಲ್ಲೇ ಎಲ್ಲ ಮುಗಿಯಬೇಕು ಅಂದರೆ ನೀನು ನೋಡಬೇಕಾದ್ದು ಎಂಟೂಕಾಲು ಲಕ್ಷದ ಗಾಡಿಯನ್ನು.

ಇನ್ನೊಂದು ಮಾತು. ಸೇಲ್ಸ್‌ನ ಹುಡುಗ ನಿನ್ನನ್ನು ಮೇಲಿನ ವೇರಿಯಂಟಿಗೆ ಕರೆದೊಯ್ಯುತ್ತಾನೆ. "ಸರ್, ಇನ್ನು ಸ್ವಲ್ಪ ಹಾಕಿದರೆ ಸನ್‌ರೂಫ್ ಬರುತ್ತೆ" ಅನ್ನುತ್ತಾನೆ. ಹಾಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹತ್ತು ಲಕ್ಷ ದಾಟಿಬಿಟ್ಟರೆ ತೆರಿಗೆಯ ದರವೇ ಬದಲಾಗುತ್ತದೆ. 9,95,000ದ ಗಾಡಿಗೂ 10,05,000ದ ಗಾಡಿಗೂ ಬೆಲೆಯಲ್ಲಿ ಇರುವುದು ಹತ್ತು ಸಾವಿರದ ಅಂತರ. ತೆರಿಗೆಯಲ್ಲಿ ಮಾತ್ರ ಮೂವತ್ತು ಸಾವಿರಕ್ಕೂ ಜಾಸ್ತಿ. ಹತ್ತು ದಾಟಿದ ಗಾಡಿಗೆ ನೂರಕ್ಕೆ ಒಂದರಂತೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡ ಹಿಡಿಯುವ ತೆರಿಗೆ, ಕೂಡ ಕಟ್ಟಬೇಕು. ಅದು ಆಮೇಲೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಆ ದಿನ ಕೈಯಿಂದ ಹೋಗುವುದು ಹೋಗುತ್ತದೆ. ಜಿಎಸ್‌ಟಿಯಲ್ಲೂ ಹೀಗೇ ಒಂದು ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಗಾಡಿಗೆ ನೂರಕ್ಕೆ 18, ಅದಕ್ಕಿಂತ ದೊಡ್ಡದಕ್ಕೆ 40. ಗೆರೆಯ ಈ ಕಡೆಯೇ ಇರು.

ಈಗ ಸಾಲ. ಕೈಯಲ್ಲಿ ನಾಲ್ಕು ಲಕ್ಷ ಇದೆ, ಆರು ಲಕ್ಷ ಸಾಲ ಅಂದೆ. ಒಳ್ಳೆಯದು, ನಾಲ್ಕು ಮೊದಲೇ ಕಟ್ಟುತ್ತಿರುವುದು ನನಗೆ ಸಮಾಧಾನ. ಆದರೆ ಏಳು ವರ್ಷದ ಸಾಲ ಯಾಕೆ? ನೂರಕ್ಕೆ 9ರ ಬಡ್ಡಿ ಅಂತ ಇಟ್ಟುಕೊಂಡು ನಿನಗಾಗಿ ಲೆಕ್ಕ ಹಾಕಿದ್ದೇನೆ. ಏಳು ವರ್ಷಕ್ಕೆ ಕಂತು ತಿಂಗಳಿಗೆ 9,650ರ ಆಸುಪಾಸು. ಐದು ವರ್ಷಕ್ಕೆ 12,450ರ ಆಸುಪಾಸು. ಮೊದಲನೆಯದು ಹಗುರ ಅನ್ನಿಸುತ್ತದೆ. ಆದರೆ ಬಡ್ಡಿ ನೋಡು. ಐದು ವರ್ಷಕ್ಕೆ ಸುಮಾರು 1,47,000, ಏಳು ವರ್ಷಕ್ಕೆ ಸುಮಾರು 2,11,000. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಲ್ಕು ವರ್ಷ ಆದ ಮೇಲೆ ಏನೋ ಕಷ್ಟ ಬಂತು, ಗಾಡಿ ಮಾರಬೇಕು ಅಂದುಕೋ. ಐದು ವರ್ಷದ ಸಾಲದಲ್ಲಿ ಆಗ ಒಂದೂವರೆ ಲಕ್ಷದೊಳಗೆ ಬಾಕಿ ಇರುತ್ತದೆ. ಏಳು ವರ್ಷದ್ದರಲ್ಲಿ ಇನ್ನೂ ಮೂರು ಲಕ್ಷ! ಮಾರಿದ ದುಡ್ಡಿನ ದೊಡ್ಡ ಪಾಲು ಬ್ಯಾಂಕಿಗೇ ಹೋಗುತ್ತದೆ. ಹಾಗೆ ಬಂದು ನನ್ನ ಟೇಬಲ್ಲಿನ ಮುಂದೆ ಸುಮ್ಮನೆ ಕೂತವರ ಮುಖ ಈಗಲೂ ನೆನಪಿದೆ.

ಸಾಲ ಕೊಡುವವರು "ಫ್ಲಾಟ್ ರೇಟ್ ಏಳು" ಅಂದರೆ ಅಲ್ಲೇ ನಿಲ್ಲಿಸಿ ಕೇಳು. ಫ್ಲಾಟ್ ಅಂದರೆ ನೀನು ಅಸಲು ತೀರಿಸುತ್ತಾ ಹೋದರೂ ಪೂರ್ತಿ ಆರು ಲಕ್ಷಕ್ಕೇ ಕೊನೆಯ ತನಕ ಬಡ್ಡಿ. ಐದು ವರ್ಷಕ್ಕೆ ಆ ಏಳು, ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹನ್ನೆರಡು ದಾಟುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ರಿಡ್ಯೂಸಿಂಗ್ ದರ ಎಷ್ಟು ಅಂತ ಕೇಳಿ, ಕಾಗದದಲ್ಲಿ ಬರೆಸಿಕೋ.

ಪುಟ್ಟ, ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ. 2021ರಲ್ಲಿ ರಿಟೈರ್ ಆದಾಗ ಒಂದು ದೊಡ್ಡ ಡೀಸೆಲ್ ಗಾಡಿ ತೆಗೆದುಕೊಂಡೆ. ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಅಂತ ಓಡಾಡಬೇಕು, ಘಾಟಿಯಲ್ಲಿ ಎಳೆತ ಚೆನ್ನಾಗಿರಬೇಕು ಅನ್ನುವ ಆಸೆ. ನಿಜವಾಗಿ ಆ ಗಾಡಿ ಹೋಗಿದ್ದು ಎಲ್ಲಿಗೆ? ಮನೆಯಿಂದ ಗಾಂಧಿ ಬಜಾರಿಗೆ, ಅಲ್ಲಿಂದ ಮನೆಗೆ. ಮೂರು ಕಿಲೋಮೀಟರ್. ನಾಲ್ಕು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಇಂಜಿನ್ ಚೆನ್ನಾಗಿ ಕಾದು ಒಂದೇ ಸಮ ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಪೇಟೆ ಓಡಾಟದಲ್ಲಿ ಇಂಜಿನ್ ಕಾಯುವ ಮೊದಲೇ ನಾನು ಆಫ್ ಮಾಡುತ್ತಿದ್ದೆ. ಸರ್ವಿಸ್‌ನವರು "ಅಮ್ಮಾ, ಭದ್ರಾವತಿ ಕಡೆ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ" ಅಂದರು. ಓಡಿಸಿದೆ. ದೀಪ ಆರಿತು. ತಿಂಗಳೊಳಗೆ ಮತ್ತೆ ಹತ್ತಿತು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಬೆಳಗ್ಗೆ ಎದ್ದು, ಏನೂ ಕೆಲಸವಿಲ್ಲದೆ, ಆ ದೀಪಕ್ಕಾಗಿಯೇ ಭದ್ರಾವತಿಗೆ ಹೋಗಿ ಬರುತ್ತಿದ್ದೆ. ಗಾಡಿಯದೇನೂ ತಪ್ಪಿಲ್ಲ. ನನ್ನ ಓಡಾಟಕ್ಕೆ ಅದಲ್ಲ ಅಷ್ಟೆ. 2024ರಲ್ಲಿ ಮಾರಿದೆ, ನಷ್ಟವೂ ಆಯಿತು.

ಅದಕ್ಕೇ ಕೇಳುತ್ತೇನೆ, ನಿನ್ನ ಗಾಡಿ ಎಲ್ಲೆಲ್ಲಿ ಓಡುತ್ತದೆ? ಊರಿಗೆ ಹೋಗಲು ದೊಡ್ಡ ಗಾಡಿ ಬೇಕು ಅನ್ನುತ್ತೀಯ. ಹೋದ ವರ್ಷ ಊರಿಗೆ ಬಂದಿದ್ದು ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ. ಮೂರು ಸಲ. ಉಳಿದ ದಿನವೆಲ್ಲ ಬೆಂಗಳೂರಿನ ವಿಜಯನಗರದ ಗಲ್ಲಿ, ಮಗುವಿನ ಡಾಕ್ಟರು, ನಿಮ್ಮಪ್ಪನ ಮಂಡಿಯ ಚಿಕಿತ್ಸೆ, ಶನಿವಾರದ ಸಂತೆ. ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತೀಯ. ತಿಂಗಳಿಗೆ ಆರು ನೂರು ಕಿಲೋಮೀಟರ್ ದಾಟುವುದಿಲ್ಲ. ಲೀಟರಿಗೆ ಹದಿನೈದು ಬಂದರೂ ನಲವತ್ತು ಲೀಟರ್ ಪೆಟ್ರೋಲ್, ನಾಲ್ಕು ಸಾವಿರದ ಮೇಲೆ ಸ್ವಲ್ಪ. ಇಷ್ಟು ಓಡಾಟಕ್ಕೆ ಡೀಸೆಲ್ ಬೇಡವೇ ಬೇಡ. ಸಿಎನ್‌ಜಿಯ ಉಳಿತಾಯ ಇಷ್ಟು ಕಡಿಮೆ ಓಡಾಟದಲ್ಲಿ ನಿಧಾನಕ್ಕೆ ಕಾಣುತ್ತದೆ. ಸಿಲಿಂಡರ್ ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ, ಮಗುವಿನ ಗಾಡಿ ಎಲ್ಲಿಡುತ್ತೀಯ? ಎಲೆಕ್ಟ್ರಿಕ್ ಒಳ್ಳೆಯದೇ. ಆದರೆ ನಿಮ್ಮದು ಬಾಡಿಗೆ ಮನೆ, ಚಾರ್ಜಿಂಗ್ ಪಾಯಿಂಟಿಗೆ ಮನೆ ಮಾಲೀಕರು ಒಪ್ಪಬೇಕು. ಸ್ವಂತ ಮನೆ ಆದ ದಿನ ನಾನೇ ಎಲೆಕ್ಟ್ರಿಕ್ ತಗೋ ಅನ್ನುತ್ತೇನೆ. ಸದ್ಯಕ್ಕೆ ಪೆಟ್ರೋಲ್ ಸಾಕು.

ಶೋರೂಮಿಗೆ ಹೋಗುವ ಮೊದಲು ಮನೆಯ ಗೇಟನ್ನು ಅಳೆ. ಎರಡು ಕಂಬಗಳ ನಡುವೆ ಟೇಪ್ ಹಿಡಿ. ಬ್ರೋಶರಿನಲ್ಲಿ ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ. ಒಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆಗೆದು ಇಳಿಯಲು ಜಾಗ ಬೇಕು, ಅದೂ ಮಗುವನ್ನು ಎತ್ತಿಕೊಂಡು. ನಿಮ್ಮ ಓಣಿಯಲ್ಲಿ ರಸ್ತೆ ಮೇಲೆ ನಿಲ್ಲಿಸುವ ಗತಿ ಬಂದರೆ ತಿಂಗಳೊಳಗೆ ಯಾರೋ ಕೆರೆದು ಹೋಗಿರುತ್ತಾರೆ.

ನಿಮ್ಮಪ್ಪನನ್ನು ಕರೆದುಕೊಂಡು ಹೋಗು. ಬೋನೆಟ್ ಮುಂದೆ ಫೋಟೋ ತೆಗೆಸಲು ಅಲ್ಲ, ಹಿಂದಿನ ಸೀಟಿನಲ್ಲಿ ಕೂರಿಸಲು. ಅವರಿಗೆ ಆಪರೇಷನ್ ಆದ ಮೇಲೆ ಮಂಡಿ ಪೂರ್ತಿ ಮಡಚಲು ಆಗುವುದಿಲ್ಲ. ತೀರಾ ತಗ್ಗಿನ ಗಾಡಿಯಾದರೆ ಏಳುವಾಗ ಒದ್ದಾಡುತ್ತಾರೆ. ತೀರಾ ಎತ್ತರದ್ದಾದರೆ ಕಾಲು ಎತ್ತಿ ಇಡಲು ಆಗುವುದಿಲ್ಲ. ಸೀಟು ಅವರ ಸೊಂಟದ ಮಟ್ಟಕ್ಕೆ ಇರಬೇಕು, ತಿರುಗಿ ಕೂತರೆ ಸಾಕು ಅನ್ನುವ ಹಾಗೆ. ಅವರು "ಪರವಾಗಿಲ್ಲ ಮಗನೇ" ಅಂತಲೇ ಹೇಳುತ್ತಾರೆ. ಬಾಯಿಯ ಮಾತು ಕೇಳಬೇಡ, ಇಳಿಯುವಾಗ ಅವರ ಕೈ ಬಾಗಿಲನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ನೋಡು. ಟಾಟಾ ಪಂಚ್, ಹ್ಯುಂಡೈ ಎಕ್ಸ್ಟರ್ ತರದ ಗಾಡಿಗಳನ್ನು ಮೊದಲು ನೋಡು ಅನ್ನುವುದು ನನ್ನ ಸಲಹೆ. ಸೀಟು ಆ ಎತ್ತರಕ್ಕೆ ಬರುತ್ತದೆ, ನಾಲ್ಕು ಮೀಟರ್ ಒಳಗೂ ಇವೆ, ಊರಿನ ತೋಟದ ದಾರಿಗೂ ತಳ ತಾಗುವುದಿಲ್ಲ.

ಟೆಸ್ಟ್ ಡ್ರೈವ್ ಅವರು ಹೇಳಿದ ರಸ್ತೆಯಲ್ಲಿ ಬೇಡ. ಸಂಜೆ ಆರರ ಟ್ರಾಫಿಕ್ಕಿನಲ್ಲಿ ನಿಮ್ಮ ಓಣಿಗೇ ತರಿಸಿಕೋ. ನಿನ್ನ ಹೆಂಡತಿಗೆ ಆಟೋಮ್ಯಾಟಿಕ್ ಬೇಕು ಅಂದೆ, ಬೆಂಗಳೂರಿಗೆ ಅದು ಸರಿ. ಈ ಬೆಲೆಯಲ್ಲಿ ಜಾಸ್ತಿ ಸಿಗುವುದು ಎಎಂಟಿ, ಮ್ಯಾನುಯಲ್ ಗೇರನ್ನೇ ಯಂತ್ರ ತಾನೇ ಬದಲಾಯಿಸುವ ಬಗೆ. ಗೇರ್ ಬದಲಾಗುವಾಗ ಸ್ವಲ್ಪ ತಲೆ ಆಡಿಸಿದಂತೆ ಆಗುತ್ತದೆ. ಅವಳೇ ಓಡಿಸಲಿ. ಯಾವುದಾದರೂ ಬೇಸ್‌ಮೆಂಟಿನ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ಹತ್ತಿಸಲಿ. ಅಲ್ಲಿ ಅವಳಿಗೆ ಧೈರ್ಯ ಬಂದರೆ ಗಾಡಿ ಅವಳಿಗೆ ಒಗ್ಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ನಾನು ರಾಜಿ ಆಗುವವಳಲ್ಲ. ಏರ್‌ಬ್ಯಾಗ್ ಆರು ಇದೆ ಅಂದ ಮಾತ್ರಕ್ಕೆ ಗಾಡಿ ಗಟ್ಟಿ ಅಂತ ಅಲ್ಲ, ಮೈಕಟ್ಟೂ ಪೆಟ್ಟು ತಡೆಯಬೇಕು. 2023ರ ಅಕ್ಟೋಬರಿನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ, ಗಾಡಿಯನ್ನು ಗುದ್ದಿಸಿ ನೋಡುತ್ತಾರೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತಾರೆ. ಶೋರೂಮಿನವರು ದೊಡ್ಡವರ ಸ್ಟಾರ್ ಮಾತ್ರ ಹೇಳಿದರೆ ಮಕ್ಕಳದ್ದು ಎಷ್ಟು ಅಂತ ಕೇಳು. ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್ ಸಿಗಿಸುವ ಐಸೊಫಿಕ್ಸ್ ಕೊಂಡಿ ಎಲ್ಲಿದೆ ಅಂತ ಬೆರಳು ಹಾಕಿ ಮುಟ್ಟಿ ನೋಡು. ಸನ್‌ರೂಫಿಗೆ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆಯ ಚೈಲ್ಡ್ ಸೀಟ್ ತಗೋ. ಪಾಪುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದೆ ಕೂರುವ ಅಭ್ಯಾಸ ನಮ್ಮ ಮನೆಯಲ್ಲಿ ಇದೆ. ಅದು ನಿನ್ನಿಂದ ನಿಲ್ಲಲಿ. ಹಿಂದೆ ಕೂತವರೂ ಬೆಲ್ಟ್ ಹಾಕಲಿ, ನಿಮ್ಮಮ್ಮ ಬೇಡ ಅಂದರೂ.

ಸೆಕೆಂಡ್ ಹ್ಯಾಂಡ್ ಯೋಚನೆ ಬಂದರೆ ನನ್ನ ವಿರೋಧ ಇಲ್ಲ. ಮೂರು ನಾಲ್ಕು ವರ್ಷದ ಗಾಡಿ ಆರು ಲಕ್ಷಕ್ಕೆ ಸಿಕ್ಕರೆ ಸಾಲ ಅರ್ಧಕ್ಕೂ ಕಡಿಮೆ ಆಗುತ್ತದೆ. ಆದರೆ 2022ರ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಗಾಡಿ ನೀರಿನಲ್ಲಿ ನಿಂತವು, ನೀನೇ ನೋಡಿದ್ದೀಯ. ಅಂಥವೂ ತೊಳೆದು ಹೊಳಪು ಹಾಕಿಸಿಕೊಂಡು ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೇ ತನಕ ಎಳೆ. ಯಾರೂ ಎಳೆಯದ ಆ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಕೆಳಗೆ ನೋಡು, ಸೀಟಿನ ಬೋಲ್ಟುಗಳಲ್ಲಿ ತುಕ್ಕು ಇದೆಯಾ ನೋಡು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸು. ದೆಹಲಿ ಗಾಡಿ ಅಗ್ಗ ಅಂತ ಹೋಗಬೇಡ. ಇಲ್ಲಿ ಮತ್ತೆ ತೆರಿಗೆ ಕಟ್ಟಿ, ನಂಬರ್ ಬದಲಾಯಿಸಿ ಮುಗಿಸುವಷ್ಟರಲ್ಲಿ ಅಗ್ಗ ಎಲ್ಲಿ ಹೋಯಿತು ಅನ್ನಿಸುತ್ತದೆ. ಸಾಲ ತೀರಿದೆ ಅಂತ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡ.

ಹೊಸದೇ ಆದರೆ, ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅನ್ನುವ ಕಾನೂನು ಇಲ್ಲ. ಇನ್ನೊಬ್ಬರಿಗಾದ ಹಾನಿ ಭರಿಸುವ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಅದು ಎಲ್ಲೇ ಮಾಡಿಸಿದರೂ ಒಂದೇ. ಸ್ವಂತ ಡ್ಯಾಮೇಜಿನ ಪ್ರೀಮಿಯಂ ಹೊರಗೆ ಕೇಳಿ ನೋಡು, ನೀನು ತಂದ ಕೊಟೇಶನ್ ತೋರಿಸಿದ ಕೂಡಲೇ ಅವರೂ ಇಳಿಸುತ್ತಾರೆ. ಝೀರೋ ಡೆಪ್ರಿಸಿಯೇಶನ್, ಅಂದರೆ ಭಾಗ ಹಳೆಯದಾಯಿತು ಅಂತ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು, ತಪ್ಪದೆ ಹಾಕಿಸು. ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಸಾಲು ಕಂಡರೆ ಹೊಡೆದು ಹಾಕಿಸು. ನೋಂದಣಿಗೆ ಕಳಿಸುವ ಮೊದಲೇ ಗಾಡಿಯನ್ನು ಹಗಲು ಬೆಳಕಿನಲ್ಲಿ ಸುತ್ತ ನೋಡಿ, ಯಾವ ತಿಂಗಳು ತಯಾರಾದದ್ದು ಅಂತ ಕೇಳು.

ಈಗ ಆಷಾಢ ಶುರುವಾಗುತ್ತಿದೆ. ನಮ್ಮ ಜನ ಈ ತಿಂಗಳು ಗಾಡಿ ತೆಗೆದುಕೊಳ್ಳುವುದಿಲ್ಲ, ಶೋರೂಮ್ ಖಾಲಿ ಹೊಡೆಯುತ್ತಿರುತ್ತದೆ. ಮಾತಾಡಲು ಅವರಿಗೂ ಸಮಯ ಇರುತ್ತದೆ, ಬೆಲೆ ಇಳಿಸಲು ಮನಸ್ಸೂ ಇರುತ್ತದೆ. ಈಗಲೇ ಚೌಕಾಸಿ ಮಾಡಿ ಬುಕ್ ಮಾಡು, ಬೆಲೆ ಬರೆಸಿಕೋ. ಡೆಲಿವರಿ ಶ್ರಾವಣದಲ್ಲಿ ತಗೋ, ನಿಮ್ಮಮ್ಮನ ಮನಸ್ಸಿಗೂ ಸಮಾಧಾನ. ಆಯುಧಪೂಜೆ ತನಕ ಕಾದರೆ ಆ ನೂಕುನುಗ್ಗಲಿನಲ್ಲಿ ನಿನ್ನ ಮಾತು ಯಾರೂ ಕೇಳುವುದಿಲ್ಲ.

ಕೊಟೇಶನ್ ಕೈಗೆ ಬಂದ ಕೂಡಲೇ ಪ್ರತಿ ಪುಟದ ಫೋಟೋ ತೆಗೆದು ಕಳಿಸು, ಸಹಿ ಹಾಕುವ ಮೊದಲು. ಕನ್ನಡಕ ಹಾಕಿಕೊಂಡು ಸಾಲು ಸಾಲು ಓದಿ ಅವತ್ತೇ ರಾತ್ರಿ ಫೋನ್ ಮಾಡುತ್ತೇನೆ. ಗೌರಿ ಹಬ್ಬಕ್ಕೆ ಹೊಸ ಗಾಡಿಯಲ್ಲೇ ಬನ್ನಿ. ತರೀಕೆರೆ ದಾಟಿದ ಮೇಲೆ ಸ್ಟೀರಿಂಗ್ ಅವಳಿಗೆ ಕೊಡು, ರಸ್ತೆ ಚೆನ್ನಾಗಿದೆ. ಪಾಪುಗೆ ನನ್ನ ಮುತ್ತು.

ಇಂತಿ ನಿನ್ನ
ದೊಡ್ಡಮ್ಮ