ಆ ಬಾಟಲಿ ಹಚ್ಚಬೇಡ ಅಮ್ಮ

ಗ್ಲಾಸ್ಗೋ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಆಟಿ ತಿಂಗಳ ಮಳೆಗೆ ನಿನ್ನ ಗಂಟುನೋವು ಜೋರಾಗಿದೆ, ರಥಬೀದಿಗೂ ಹೋಗುವುದು ಬಿಟ್ಟಿದ್ದೀ ಎಂದು ಅಪ್ಪ ಹೇಳಿದರು. ಚಿಕ್ಕಮ್ಮ ಆನ್‌ಲೈನಿನಲ್ಲಿ ತರಿಸಿಕೊಟ್ಟ ಮದ್ದಿನ ಬಾಟಲಿಯ ಫೋಟೋ ನೋಡಿದೆ. ಅದನ್ನು ಹಚ್ಚಬೇಡ.

ಅದರಲ್ಲಿರುವ ಡಿಎಂಎಸ್‌ಒ ಎಂಬ ರಾಸಾಯನಿಕ ದ್ರವದ ಜೊತೆಗೇ ಲ್ಯಾಬಿನಲ್ಲಿ ನನ್ನ ದಿನವೆಲ್ಲ ಕಳೆಯುವುದು. ನೋಡಲಿಕ್ಕೆ ನೀರಿನ ಹಾಗೆ ತಿಳಿ. ನೀರಿನಲ್ಲಿ ಕರಗದ ಮದ್ದನ್ನೂ ಕರಗಿಸುತ್ತದೆ. 18.5 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ನಮ್ಮ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ. ಜೀವಕೋಶಗಳಿಗೆ ಮದ್ದು ಹಾಕುವಾಗ ಇದರ ಪಾಲು ಶೇಕಡಾ 0.1ರ ಆಸುಪಾಸಿಗಿಂತ ಹೆಚ್ಚಾಗದಂತೆ ಲೆಕ್ಕ ಹಾಕುತ್ತೇವೆ. ನಿನ್ನ ಬಾಟಲಿಯ ಮೇಲೆ ಶೇಕಡಾ 70 ಎಂದು ಬರೆದಿದೆ.

ಗಂಟಿನ ಆಪರೇಷನ್ ಆದವರು ಕೊಟ್ಟ ಕಾರ್ಟಿಲೇಜಿನಿಂದ, ಅಂದರೆ ಗಂಟಿನಲ್ಲಿ ಮೂಳೆಯ ತುದಿಗೆ ಇರುವ ನುಣುಪು ಪದರದಿಂದ, ತೆಗೆದ ಕೋಶಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಇಟ್ಟಿರುತ್ತೇವೆ. ಐಸಿನ ಹರಳು ಕೋಶವನ್ನು ಸೀಳಬಾರದೆಂದು ಶೇಕಡಾ 10 ಡಿಎಂಎಸ್‌ಒ ಬೆರೆಸಿರುತ್ತದೆ. ಹೊರಗೆ ತೆಗೆದ ಕೂಡಲೇ ಅದನ್ನು ತೊಳೆದು ತೆಗೆಯಬೇಕು. ಮೊನ್ನೆ ನಾನು ಬೇರೆ ಕೆಲಸದಲ್ಲಿ ಸಿಕ್ಕಿಬಿದ್ದು ಒಂದು ಟ್ಯೂಬನ್ನು ಹಾಗೇ ಮೇಜಿನ ಮೇಲೆ ಬಿಟ್ಟೆ. ಆಮೇಲೆ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬದುಕಿರುವ ಕೋಶ ಬಣ್ಣ ಹೀರುವುದಿಲ್ಲ, ಸತ್ತದ್ದು ಹೀರುತ್ತದೆ. ಅಮ್ಮ, ಅರ್ಧಕ್ಕಿಂತ ಹೆಚ್ಚು ನೀಲಿ. ಯಾರದೋ ಮೊಣಕಾಲಿನದು ಎಂದು ನೆನೆದು ಹೊಟ್ಟೆ ಚುರ್ ಎಂದಿತು.

ಟ್ಯೂಬಿನಲ್ಲಿ ಆದದ್ದೆಲ್ಲ ನಿನ್ನ ಕಾಲಿನಲ್ಲೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಇದು ಚರ್ಮದಲ್ಲಿ ಸಲೀಸಾಗಿ ಇಳಿಯುತ್ತದೆ, ಚರ್ಮದ ಮೇಲೆ ಇದ್ದ ಬೇರೆ ವಸ್ತುಗಳನ್ನೂ ಒಳಗೆ ಎಳೆದುಕೊಂಡು ಹೋಗಬಲ್ಲದು. ಹಚ್ಚಿದವರ ಉಸಿರು ಬೆಳ್ಳುಳ್ಳಿ ನಾರುವುದು ಅದು ಮೈಯೊಳಗೆ ಹೋದದ್ದಕ್ಕೇ. ಕಾರ್ಟಿಲೇಜಿಗೆ ರಕ್ತನಾಳವಿಲ್ಲ, ಅಲ್ಲಿ ಸವೆದದ್ದು ಸುಲಭಕ್ಕೆ ತುಂಬಿ ಬರುವುದಿಲ್ಲ. ಅಮೆರಿಕದಲ್ಲಿ 1978ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂತ್ರಕೋಶದ ಒಂದು ಕಾಯಿಲೆಗೆ, ಗಂಟುನೋವಿಗಲ್ಲ.

ಚಿಕ್ಕಮ್ಮನಿಗೆ ನೀನು ಏನೂ ಹೇಳಬೇಡ, ಪಾಪ, ಪ್ರೀತಿಯಿಂದ ತರಿಸಿದ್ದು. ನಾನೇ ಫೋನ್ ಮಾಡುತ್ತೇನೆ. ಸೋಮವಾರ ಅಪ್ಪನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸು. ಬಸ್ಸು ಹತ್ತಬೇಡ, ರಿಕ್ಷಾ ಮಾಡು. ಎಕ್ಸ್‌ರೇ ತೆಗೆದರೆ ಅದರ ಫೋಟೋ ಕಳಿಸು. ಅಲ್ಲಿಯವರೆಗೆ ಬಿಸಿನೀರಿನ ಶಾಖ ಸಾಕು.

ನಿನ್ನ ಮಗಳು