ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ

ಮಾನ್ಯ ಸಂಪಾದಕರೇ,

ಮೈಯಲ್ಲಿ ಗಡ್ಡೆಯೊಂದು ಕೈಗೆ ಸಿಕ್ಕೊಡನೆ ಕ್ಯಾನ್ಸರೇ ಇರಬೇಕೆಂದು ಕಂಗಾಲಾಗುವವರು ಒಂದೆಡೆಯಾದರೆ, ನೋವಿಲ್ಲವಲ್ಲ ಎಂದು ವರ್ಷಗಟ್ಟಲೆ ಸುಮ್ಮನಿರುವವರು ಇನ್ನೊಂದೆಡೆ ಇದ್ದಾರೆ. ಎರಡನೆಯವರ ಬಗ್ಗೆ ನನಗೆ ಹೆಚ್ಚು ಆತಂಕ, ಏಕೆಂದರೆ ಆರಂಭದ ಹಂತದ ಕ್ಯಾನ್ಸರ್ ಗಡ್ಡೆಯೂ ಹಲವು ಬಾರಿ ನೋಯುವುದಿಲ್ಲ.

ನಿರಪಾಯಕಾರಿ, ಅಂದರೆ ಕ್ಯಾನ್ಸರ್ ಅಲ್ಲದ, ಗಡ್ಡೆಯ ಜೀವಕೋಶಗಳು ಅಗತ್ಯಕ್ಕಿಂತ ಹೆಚ್ಚು ಬೆಳೆದರೂ ಹುಟ್ಟಿದ ಜಾಗ ಬಿಟ್ಟು ಹೋಗುವುದಿಲ್ಲ. ಸಾಮಾನ್ಯವಾಗಿ ನಿಧಾನವಾಗಿ ಹಿಗ್ಗುತ್ತಾ ಸುತ್ತಲಿನ ಅಂಗಾಂಶವನ್ನು ಪಕ್ಕಕ್ಕೆ ತಳ್ಳುತ್ತವೆಯೇ ಹೊರತು ಅದರೊಳಗೆ ನುಗ್ಗುವುದಿಲ್ಲ. ಕ್ಯಾನ್ಸರ್ ಕೋಶಗಳಾದರೋ ನೆರೆಯ ಅಂಗಾಂಶವನ್ನು ಆಕ್ರಮಿಸಿ, ರಕ್ತ ಮತ್ತು ದುಗ್ಧರಸದ (ಲಿಂಫ್ ಎಂಬ ದೇಹದ್ರವ) ಮೂಲಕ ದೂರದ ಅಂಗಗಳಿಗೂ ಹರಡಬಲ್ಲವು. ಚರ್ಮದಡಿಯ ಕೊಬ್ಬಿನ ಗಡ್ಡೆ ಬೆರಳಿನಿಂದ ಒತ್ತಿದರೆ ಮೆತ್ತಗೆ ಜಾರಿ ಸರಿಯುತ್ತದೆ. ಹಾಗೆಂದು ಬೆರಳಿನ ತೀರ್ಪನ್ನೇ ನಂಬಿ ಕೂರುವಂತಿಲ್ಲ. ಸಂದೇಹವಿದ್ದಾಗ ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗಲೇ ಖಚಿತ ಉತ್ತರ ಸಿಗುತ್ತದೆ. ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಹರಡುತ್ತದೆಂಬ ಭಯದಿಂದ ಪರೀಕ್ಷೆ ಮುಂದೂಡುವವರನ್ನು ಕಂಡು ಸಂಕಟವಾಗುತ್ತದೆ. ಅಂಥದ್ದು ತೀರಾ ಅಪರೂಪ. ವಿಳಂಬದಿಂದಾಗುವ ಹಾನಿಯೇ ದೊಡ್ಡದು.

ನಿರಪಾಯಕಾರಿ ಎಂಬ ಮಾತಿಗೂ ಮಿತಿಯಿದೆ. ತಲೆಬುರುಡೆಯೊಳಗೆ ಬೆಳೆಯುವ ಮೆನಿಂಜಿಯೋಮ ಬಹುಪಾಲು ಕ್ಯಾನ್ಸರ್ ಅಲ್ಲದಿದ್ದರೂ ಮಿದುಳನ್ನು ಒತ್ತಿ ಅಪಾಯ ತರಬಹುದು. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಅತಿಯಾದ ರಕ್ತಸ್ರಾವದಿಂದ ರಕ್ತಹೀನತೆಗೆ ದೂಡಬಹುದು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಗಡ್ಡೆಗಳಲ್ಲಿ ಕೆಲವಂತೂ ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಿ ಮಾರ್ಪಡಬಲ್ಲವು. ಅವನ್ನು ಮೊದಲೇ ತೆಗೆಸಿದರೆ ಆ ಸಾಧ್ಯತೆ ಬಹಳಷ್ಟು ತಗ್ಗುತ್ತದೆ.

ಆರೋಗ್ಯ ಬರಹಗಳಲ್ಲಿ, ಗಡ್ಡೆ ಎಂದಷ್ಟೇ ಅರ್ಥವಿರುವ 'ಟ್ಯೂಮರ್' ಎಂಬ ಪದವನ್ನು ಕ್ಯಾನ್ಸರ್‌ಗೆ ಪರ್ಯಾಯವಾಗಿ ಬಳಸದಂತೆ ತಮ್ಮ ಪತ್ರಿಕೆ ಎಚ್ಚರ ವಹಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ